ಹಡಗು ಹತ್ತದವರು

ನಮ್ಮೂರು ದಿಯಾಂಕರೆಯಲ್ಲಿ ಅಡ್ಡಹೆಸರು ದುಕುರೆ ಎಂದರೆ ಸಾಲದು, ಯಾವ ದುಕುರೆ ಎಂದೂ ಹೇಳಬೇಕು. ಮಸೀದಿಯ ಸುತ್ತ ಮೇಲಿನ ಕೇರಿಯಲ್ಲಿರುವ ದುಕುರೆಗಳು ಊರು ಕಟ್ಟಿದವರ ವಂಶ. ಹೊಲ, ಬಾವಿ, ಯಜಮಾನಿಕೆ ಎಲ್ಲ ಅವರದು. ಹಳ್ಳದ ದಡದ ಕೆಳಗಿನ ಕೇರಿಯ ದುಕುರೆಗಳು ಅವರ ಕೊಮೆಗಳು. ಕೊಮೆ ಎಂದರೆ ಗುಲಾಮ. ಯಾವುದೋ ಕಾಲದ ಯುದ್ಧದಲ್ಲಿ ಸೆರೆ ಸಿಕ್ಕವರ, ಸಂತೆಯಲ್ಲಿ ಉಪ್ಪಿನ ಗಟ್ಟಿಗೆ ಮಾರಾಟವಾದವರ ಮಕ್ಕಳು, ಮರಿಮಕ್ಕಳು ಅವರು. ಯಜಮಾನರ ಅಡ್ಡಹೆಸರೇ ಅವರಿಗೂ ಅಂಟಿಕೊಂಡಿತು. ಕಮ್ಮಾರರಾದ ನಾವು ಎರಡು ಕೇರಿಗಳ ನಡುವೆ ಇದ್ದೇವೆ. ನನ್ನ ಗಂಡ ಬಕಾರಿ ಕುಲುಮೆ ನೋಡಿಕೊಳ್ಳುತ್ತಾನೆ, ನಾನು ಮಡಕೆ ಮಾಡುತ್ತೇನೆ. ಗುದ್ದಲಿ, ಮಡಕೆ ಎರಡೂ ಕಡೆಯವರಿಗೆ ಬೇಕು. ಹಾಗಾಗಿ ಎರಡೂ ಕಡೆಯ ಮಾತು ನಮ್ಮ ಅಂಗಳಕ್ಕೆ ಬಂದು ಬೀಳುತ್ತದೆ.

ಸಾಜೊ ಕೆಳಗಿನ ಕೇರಿಯ ಜಾಗಿಲಿ ದುಕುರೆಯ ಮಗಳು. ಅವಳಿಗಳ ಬೆನ್ನಿಗೆ ಹುಟ್ಟಿದ್ದರಿಂದ ಆ ಹೆಸರು. ತೆಳ್ಳಗಿನ ಹುಡುಗಿ, ಒಂದು ಮಾತು ಆಡುವ ಮುಂಚೆ ಎರಡು ಸಲ ಉಗುಳು ನುಂಗುವವಳು. ಬೆಳಿಗ್ಗೆ ಎದ್ದು ಮೇಲಿನ ಕೇರಿಯ ಲಾಜಿ ದುಕುರೆಯ ಮನೆಗೆ ನೀರು ತುಂಬಿ ಶಾಲೆಗೆ ಹೋಗುತ್ತಿದ್ದಳು. ಅವಳ ತಾಯಿ ನಿಯೂಮಾ ಅದೇ ಮನೆಯಲ್ಲಿ ಸಜ್ಜೆ ಕುಟ್ಟುತ್ತಿದ್ದಳು. ಕೂಲಿ ಇಲ್ಲ, ಕೇಳುವ ಪದ್ಧತಿಯೂ ಇಲ್ಲ. ಊರಿನ ಯಜಮಾನನ ತಮ್ಮ ಲಾಜಿ. ಅವನ ಮಗಳು ಅಸ್ಸಾ ಸಾಜೊಳ ಓರಗೆಯವಳು. ಮನೆಯಲ್ಲಿ ಒಬ್ಬಳು ನೀರು ತರುವವಳು, ಇನ್ನೊಬ್ಬಳು ಕುಡಿಯುವವಳು. ಶಾಲೆಯಲ್ಲಿ ಮಾತ್ರ ಇಬ್ಬರೂ ಒಂದೇ ಬೆಂಚು. ಲೆಕ್ಕ ಸಾಜೊ ಬಿಡಿಸುವಳು, ಅಸ್ಸಾ ನೋಡಿ ಬರೆಯುವಳು. ಅಸ್ಸಾ ತಂದ ಕಡಲೆಕಾಯಿ ಇಬ್ಬರೂ ತಿನ್ನುವರು. ನಿಜವಾದ ಸ್ನೇಹವೇ ಅದು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಅವರು ಎಂಟನೇ ತರಗತಿಯಲ್ಲಿದ್ದಾಗ ದಕ್ಷಿಣದ ಕಡೆಯಿಂದ ಸನೊಗೊ ಎಂಬ ಹೊಸ ಮೇಷ್ಟ್ರು ಬಂದರು. ಇತಿಹಾಸ, ಭೂಗೋಳ ಅವರ ಪಾಠ. ನಮ್ಮ ಅಂಗಳದ ಮೂಲೆಯ ಕೋಣೆಯಲ್ಲೇ ಬಾಡಿಗೆಗಿದ್ದರು. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. ಅಡ್ಡಹೆಸರು ಹಿಡಿದು ಒಬ್ಬರನ್ನೊಬ್ಬರು ಗೇಲಿ ಮಾಡುವುದು ನಮ್ಮ ದೇಶದುದ್ದಕ್ಕೂ ಇದೆ. ನೀವು ಅಲಸಂದೆ ತಿನ್ನೋರು, ನೀವು ನಮ್ಮ ಗುಲಾಮರು ಎಂದು ಬಸ್ಸಿನಲ್ಲಿ ಸಿಕ್ಕ ಅಪರಿಚಿತನಿಗೂ ಅನ್ನಬಹುದು. ಅವನೂ ನಕ್ಕು ತಿರುಗಿಸಿ ಅನ್ನುತ್ತಾನೆ. ಮೇಷ್ಟ್ರು ಮೊದಲ ದಿನ ಹಾಜರಿ ಕರೆಯುತ್ತ ಒಂದರ ಹಿಂದೆ ಒಂದು ಎರಡು ದುಕುರೆಗಳು ಬಂದಾಗ ತಲೆಯೆತ್ತಿ ನೋಡಿದರು.

"ಅಕ್ಕ ತಂಗೀರಾ?"

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೂಗಿದ: "ಒಬ್ಳು ಆ ಮನೆಯೋಳು ಸಾರ್, ಇನ್ನೊಬ್ಳು ಆ ಮನೆಗೆ ಸೇರಿದೋಳು!"

ತರಗತಿ ಗೊಳ್ಳೆಂದಿತು. ಮೇಷ್ಟ್ರಿಗೆ ತಿಳಿಯಲಿಲ್ಲ. ತಮ್ಮದೂ ಒಂದಿರಲಿ ಎಂದು, "ಯಾರಾದ್ರೇನು ಬಿಡ್ರೋ, ದುಕುರೆಗಳೆಲ್ಲ ನಮ್ಮ ಸನೊಗೊಗಳ ಗುಲಾಮರೇ!" ಎಂದುಬಿಟ್ಟರು. ಅಸ್ಸಾ ನಕ್ಕಳು. ಸಾಜೊ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನವರು ಮಾತ್ರ ಈಗ ನಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲಿನ ಕೇರಿಯ ದುಕುರೆಗೂ ಆ ಮಾತು ತಾಗಿತಲ್ಲ ಎಂದು.

ಸಂಜೆ ಮೇಷ್ಟ್ರು ಟೀ ಕಾಯಿಸಲು ಕೂತಾಗ ನಾನೇ ಹೇಳಿದೆ. "ಮೇಷ್ಟ್ರೇ, ಆ ತಮಾಷೆ ಈ ಊರಲ್ಲಿ ಆಡ್ಬೇಡಿ."

"ಯಾಕಮ್ಮಾ? ಎಲ್ಲಾ ಕಡೆ ಆಡ್ತೀವಲ್ಲ!"

"ಎಲ್ಲಾ ಕಡೆ ಅದು ತಮಾಷೆ. ಇಲ್ಲಿ ಅಲ್ಲ."

ವಿಷಯ ಬಿಡಿಸಿ ಹೇಳಿದೆ. ಅವರು ನಂಬಲಿಲ್ಲ. "ಈ ಕಾಲದಲ್ಲಾ? ಕಾನೂನು ಬಂದು ನೂರು ವರ್ಷ ದಾಟ್ತಲ್ಲಮ್ಮಾ!"

"ನಾಳೆ ಬೆಳಿಗ್ಗೆ ಲಾಜಿ ಮನೆ ಕಡೆ ಒಂದು ಸುತ್ತು ಹೋಗ್ಬನ್ನಿ. ನಿಮ್ಮ ಸಾಜೊ ನೀರು ಇಳಿಸ್ತಿರ್ತಾಳೆ."

ಹೋಗಿ ಬಂದರು. ಆಮೇಲೆ ಆ ತಮಾಷೆಯನ್ನು ಅವರ ಬಾಯಿಂದ ನಾನು ಕೇಳಲಿಲ್ಲ.

ಮುಂದಿನ ವರ್ಷ ಹಡಗುಗಳ ಪಾಠ ಬಂತು. ನಮ್ಮ ಕಡೆಯ ಜನರನ್ನು ಸರಪಳಿ ಹಾಕಿ, ಸಮುದ್ರದಾಚೆ ಸಾಗಿಸಿದ ಕಥೆ. ಮೇಷ್ಟ್ರು ಚೆನ್ನಾಗಿ ಹೇಳುವವರು. ಹಡಗಿನ ಹೊಟ್ಟೆಯಲ್ಲಿ ಜನರನ್ನು ಮಲಗಿಸುತ್ತಿದ್ದ ಚಿತ್ರವನ್ನು ಬೋರ್ಡಿನ ಮೇಲೆ ಬರೆದರಂತೆ. ಸತ್ತವರನ್ನು ನೀರಿಗೆ ಎಸೆಯುತ್ತಿದ್ದುದನ್ನು ಹೇಳುವಾಗ ಅಸ್ಸಾ ಬಿಕ್ಕಿ ಬಿಕ್ಕಿ ಅತ್ತಳು. ಹಿಂದಿನ ಬೆಂಚಿನ ಹುಡುಗರು ಬಿಳಿಯರನ್ನು ಬಾಯಿಗೆ ಬಂದಂತೆ ಬೈದರು. ಆಗ ಸಾಜೊ ಎದ್ದು ನಿಂತಳು.

"ಸಾರ್, ಹಡಗು ಹತ್ತದೆ ಇಲ್ಲೇ ಉಳಿದ ಗುಲಾಮರು ಏನಾದ್ರು?"

ಪುಸ್ತಕದಲ್ಲಿ ಅವರ ಮಾತೇ ಇರಲಿಲ್ಲ. ಮೇಷ್ಟ್ರು, ಸಾವಿರದ ಒಂಬೈನೂರ ಐದನೇ ಇಸವಿಯಲ್ಲಿ ಫ್ರೆಂಚರು ತಂದ ಕಾನೂನು ಅವರನ್ನೆಲ್ಲ ಬಿಡುಗಡೆ ಮಾಡಿತು ಎಂದರು.

"ಆ ಕಾನೂನು ನಮ್ಮೂರಿಗೆ ಯಾವ ದಾರೀಲಿ ಬಂತು ಸಾರ್?"

ವ್ಯಂಗ್ಯವಾಗಿ ಕೇಳಿದ್ದಲ್ಲ. ತಿಳಿಯಬೇಕು ಎಂದೇ ಕೇಳಿದ್ದು. ಮೇಷ್ಟ್ರು ಬೋರ್ಡಿನ ಚಿತ್ರ ಒರೆಸತೊಡಗಿದರು. ಗಂಟೆ ಹೊಡೆಯಿತು. ಹೊರಗೆ ಹೋಗುವಾಗ ಅದೇ ಹುಡುಗರು, "ಏ ಕೊಮೆ, ದಾರಿ ಬೇಕಾ? ನೀರಿನ ಬಾನಿ ಹೊತ್ಕೊಂಡು ಹೋಗ್ತೀಯಲ್ಲ, ಅದೇ ದಾರಿ!" ಎಂದು ನಗುತ್ತ ಓಡಿದರು.

ಅವತ್ತಿನಿಂದ ಸಾಜೊ ಶಾಲೆ ಮುಗಿಸಿ ನಮ್ಮ ಅಂಗಳಕ್ಕೆ ಬರತೊಡಗಿದಳು. ನಾನು ಮಣ್ಣು ತುಳಿಯುತ್ತಿದ್ದರೆ ಪಕ್ಕದಲ್ಲಿ ಕೂತು ಓದುವಳು. ನಡುನಡುವೆ ತನ್ನಷ್ಟಕ್ಕೇ ಮಾತು ಹೊರಡುವುದು. ನನಗೆ ಅಕ್ಷರ ಬಾರದು. ಆದರೆ ಅವಳ ಮಾತು ಕೇಳುತ್ತ ನಮ್ಮ ದೇಶದ ಚರಿತ್ರೆಯೆಲ್ಲ ನನ್ನ ಕಿವಿಯ ಮೇಲೂ ಬಿತ್ತು. ಹಳೆಯ ಸಾಮ್ರಾಜ್ಯಗಳು, ಚಿನ್ನ ಹೊತ್ತ ಒಂಟೆಸಾಲುಗಳು, ಫ್ರೆಂಚರು ಹಾಕಿಸಿದ ರೈಲುಹಳಿ, ಸ್ವಾತಂತ್ರ್ಯ ಬಂದ ಸೆಪ್ಟೆಂಬರ್ ತಿಂಗಳು.

"ಅತ್ತೆ, ಇತಿಹಾಸ ಓದಿದ್ರೆ ನಾವು ಯಾರು ಅಂತ ಗೊತ್ತಾಗುತ್ತೆ ಅಂತಾರೆ ಸಾರ್," ಎಂದಳು ಒಂದು ದಿನ. "ನಾನ್ಯಾರು ಅಂತ ನಾನು ಓದೋಕೆ ಕಲಿಯೋ ಮುಂಚೇನೇ ಊರೆಲ್ಲ ಹೇಳಿಬಿಟ್ಟಿತ್ತು. ಈಗ ಪುಸ್ತಕ ತೆಗೆದ್ರೆ ಅದರಲ್ಲಿ ನಾವಿಲ್ಲ. ಯಾರ ಮಾತು ನಂಬ್ಲಿ?"

"ಪರೀಕ್ಷೇಲಿ ಏನು ಬರೆದ್ರೆ ಮಾರ್ಕ್ಸ್ ಕೊಡ್ತಾರೋ ಅದನ್ನ ನಂಬು," ಎಂದ ಕುಲುಮೆಯಿಂದ ಬಕಾರಿ. ಅವಳು ನಕ್ಕಳು. ಅವಳು ನಗುವುದೇ ಅಪರೂಪ.

ಸ್ವಾತಂತ್ರ್ಯ ದಿನಕ್ಕೆ ಶಾಲೆಯ ಗೋಡೆಗೆ ಸುಣ್ಣ ಹೊಡೆದು, ದೇಶದ ಧ್ಯೇಯವಾಕ್ಯ ಬರೆಯುವ ಕೆಲಸ ಅವಳಿಗೇ ಬಿತ್ತು, ಅಕ್ಷರ ದುಂಡಗಿತ್ತಲ್ಲ. ಏಣಿಯ ಮೇಲೆ ನಿಂತು "ಒಂದೇ ಜನ, ಒಂದೇ ಗುರಿ, ಒಂದೇ ನಂಬಿಕೆ" ಎಂದು ಹಸಿರು ಬಣ್ಣದಲ್ಲಿ ಬರೆದಳು. ಕೆಳಗೆ ಬಣ್ಣದ ಡಬ್ಬ ಹಿಡಿದಿದ್ದವಳು ಅಸ್ಸಾ. ಮರುದಿನ ಮೆರವಣಿಗೆಯಲ್ಲಿ ಮೇಲಿನ ಕೇರಿಯ ಮಕ್ಕಳು ಮುಂದೆ, ಕೆಳಗಿನ ಕೇರಿಯವರು ಹಿಂದೆ. ಹಾಗೆ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಮಕ್ಕಳು ತಾವೇ ಹೋಗಿ ನಿಂತಿದ್ದರು. ಸಾಜೊಗೆ ಗೋಡೆಯ ಬರಹಕ್ಕಿಂತ ಅದೇ ಹೆಚ್ಚು ದಿನ ಕಾಡಿತು. "ಯಾರೂ ಹೇಳಲಿಲ್ಲ ಅತ್ತೆ. ನನ್ನ ಕಾಲೇ ನನ್ನ ಹಿಂದಕ್ಕೆ ಕರ್ಕೊಂಡು ಹೋಯ್ತು," ಎಂದಳು.

ಒಂಬತ್ತನೇ ತರಗತಿಯ ಸರ್ಕಾರಿ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾದಳು. ಕೆಳಗಿನ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣು ಅವಳೇ ಮೊದಲು. ಜಾಗಿಲಿ ಸಂತೋಷ ತೋರಿಸುವ ಪೈಕಿಯಲ್ಲ. ಬಂದು ನಮ್ಮ ಕುಲುಮೆಯ ಮುಂದೆ ಸುಮ್ಮನೆ ಕೂತ, ಗುದ್ದಲಿ ಹದಮಾಡಿಸಿಕೊಂಡ, ಹೋಗುವಾಗ, "ಪಾಸಾದ್ಲಂತೆ," ಎಂದ. ಅಷ್ಟೇ.

ಅಸ್ಸಾ ಫೇಲಾದಳು. ಅದಕ್ಕೆ ಅವಳು ಅಳಲಿಲ್ಲ. ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು. ಗಂಡು ಪ್ಯಾರಿಸ್ಸಿನಲ್ಲಿ ಕೆಲಸಕ್ಕಿರುವ ಸೋದರಸಂಬಂಧಿ. ಬಿತ್ತನೆ ಮುಗಿದ ಮೇಲೆ ಮದುವೆ ಎಂದಾಯಿತು.

ಮೇಲಿನ ಕೇರಿಯ ಮದುವೆಯೆಂದರೆ ಕೆಳಗಿನ ಕೇರಿಗೆ ವಾರವಿಡೀ ಕೆಲಸ. ಹೆಂಗಸರು ಸಜ್ಜೆ ಕುಟ್ಟಿ ಅಡಿಗೆ ಮಾಡಬೇಕು. ಒಬ್ಬ ಹುಡುಗಿ ಮದುಮಗಳ ಮಣೆ ಹೊತ್ತು, ಕಾಲು ತೊಳೆದು, ಅವಳ ಬಾಗಿಲ ಹೊರಗೆ ಚಾಪೆಯ ಮೇಲೆ ಮಲಗಬೇಕು. ಆ ಕೆಲಸಕ್ಕೆ ಸಾಜೊ ಬರಬೇಕೆಂದು ಹೇಳಿಕಳಿಸಿದರು. ಹೇಳಿಕಳಿಸಿದ್ದು ಲಾಜಿಯಾದರೂ ಕೇಳಿದ್ದು ಅಸ್ಸಾ. ಅವಳು ಸಾಜೊಳನ್ನು ಹುಡುಕಿಕೊಂಡು ನಮ್ಮ ಅಂಗಳಕ್ಕೇ ಬಂದಳು.

"ಬೇರೆ ಯಾರೂ ಬೇಡ ಅಂತ ನಾನೇ ಅಪ್ಪಂಗೆ ಹೇಳ್ದೆ ಕಣೇ. ವಾರ ಪೂರ್ತಿ ಜೊತೇಲಿರ್ಬೋದು ನಾವು."

ಸಾಜೊ ಎರಡು ಸಲ ಉಗುಳು ನುಂಗಿದಳು. "ಗೆಳತಿಯಾಗಿ ಬರ್ತೀನಿ ಅಸ್ಸಾ. ಕಾಲು ತೊಳೆಯೋಕೆ ಬರಲ್ಲ."

"ಅಯ್ಯೋ, ಅದು ಬರೀ ಪದ್ಧತಿ ಕಣೇ. ಅದಕ್ಯಾಕೆ ಅಷ್ಟು ಮನಸ್ಸಿಗೆ ಹಚ್ಕೊಳ್ತೀಯ?"

"ಬರೀ ಪದ್ಧತೀನಾ? ಹಾಗಾದ್ರೆ ನನ್ನ ಮದುವೇಲಿ ನನ್ನ ಕಾಲು ನೀನು ತೊಳಿ."

ಅಸ್ಸಾಳ ಮುಖ ಬದಲಾಯಿತು. ಸಿಟ್ಟಲ್ಲ. ತನ್ನ ಬದುಕಿನಲ್ಲಿ ಮೊದಲ ಸಲ ಆ ಚಿತ್ರ ಕಣ್ಣಮುಂದೆ ಬಂದಿರಬೇಕು. ಎದ್ದು ಹೋದಳು. ಹೋದವಳು ಅಪ್ಪನಿಗೆ ದೂರು ಹೇಳಿದಳೆಂದು ನಾನು ನಂಬುವುದಿಲ್ಲ. ಸಾಜೊಗೆ ಮೈ ಹುಷಾರಿಲ್ಲ ಎಂದಳಂತೆ. ಆದರೆ ನಮ್ಮ ಅಂಗಳಕ್ಕೆ ಗೋಡೆ ಗಿಡ್ಡ, ಕೇಳಿಸಿಕೊಂಡವರು ಬೇಕಾದಷ್ಟು ಜನ.

ಮಾತು ಮೇಲಿನ ಕೇರಿ ಮುಟ್ಟಿತು, ಅಲ್ಲಿಂದ ಫೋನಿನಲ್ಲಿ ಪ್ಯಾರಿಸ್ ಮುಟ್ಟಿತು. ಅಲ್ಲಿ ದುಡಿಯುವ ನಮ್ಮೂರ ಗಂಡಸರ ಧ್ವನಿಸಂದೇಶಗಳು ಊರ ಫೋನುಗಳಲ್ಲೆಲ್ಲ ಕೂಗತೊಡಗಿದವು: ಕೊಮೆಯ ಮಗಳಿಗೆ ಇಷ್ಟು ಸೊಕ್ಕೇ, ಇವತ್ತು ಬಿಟ್ಟರೆ ನಾಳೆ ತಲೆಯ ಮೇಲೆ ಕೂರುತ್ತಾರೆ. ಮದುವೆಗೆ ಇನ್ನೂ ಮೂರು ವಾರ ಇರುವಾಗ ಒಂದು ಶುಕ್ರವಾರ ಜಾಗಿಲಿಯನ್ನು ಮಸೀದಿಯ ಮುಂದಿನ ಚಪ್ಪರಕ್ಕೆ ಕರೆಸಿದರು. ಬಕಾರಿಯೂ ಹೋಗಿದ್ದ, ಮನೆಗೆ ಬಂದು ಒಂದು ಮಾತೂ ಬಿಡದೆ ಹೇಳಿದ.

ಲಾಜಿ ಗದರಲಿಲ್ಲವಂತೆ, ಮೆತ್ತಗೇ ಮಾತಾಡಿದನಂತೆ. "ಜಾಗಿಲಿ, ನಿಮ್ಮಪ್ಪ ನಮ್ಮಪ್ಪನ ಕುದುರೆ ಹಿಡೀತಿದ್ದೋನು. ನಿಮಗೆ ಉಣ್ಣೋಕೆ ಹೊಲ ಕೊಟ್ಟೋರು ನಾವು. ಮಗು ಏನೋ ಅಂತು, ತಪ್ಪಾಯ್ತು, ನಾವು ನಿಮ್ಮವರೇ, ನಮ್ಮ ಹಿರಿಯರು ಹೇಗಿದ್ರೋ ಹಾಗೇ ಇರ್ತೀವಿ ಅಂತ ಇಲ್ಲಿ ಎಲ್ರ ಮುಂದೆ ಹೇಳು. ಮುಗಿದುಹೋಯ್ತು."

ಜಾಗಿಲಿ ಚಪ್ಪರದ ಕಂಬ ಹಿಡಿದು ನಿಂತಿದ್ದ. ಜೀವಮಾನದಲ್ಲಿ ಆ ಚಪ್ಪರದಡಿ ಬಾಯಿ ತೆರೆದವನಲ್ಲ. "ಅವಳು ಮಗು ಅಲ್ಲ," ಎಂದ. "ಪರೀಕ್ಷೆ ಪಾಸಾಗಿದ್ದಾಳೆ."

ಅದೇ ಅವನ ಉತ್ತರ ಎಂದು ಕೂತವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಗ ಜಾಗಿಲಿಯ ಸ್ವಂತ ತಮ್ಮ ತಿಜಾನಿ ಎದ್ದು ನಡುವೆ ಬಂದು ಮೊಣಕಾಲೂರಿ, ಅಣ್ಣ ಹೇಳದ ಮಾತನ್ನು ತಾನು ಹೇಳಿದ. ನಾವು ನಿಮ್ಮವರೇ ಎಂದ. ಮನೆ ತುಂಬ ಸಣ್ಣ ಮಕ್ಕಳು ಅವನಿಗೆ. ಅಣ್ಣತಮ್ಮಂದಿರು ಅವತ್ತು ಬೇರೆ ಬೇರೆ ದಾರಿಯಲ್ಲಿ ಮನೆಗೆ ಹೋದರು.

ಮರುದಿನದಿಂದ ಅಂಗಡಿಯವನು ಜಾಗಿಲಿಯ ಮನೆಗೆ ಉಪ್ಪು, ಸಕ್ಕರೆ ಕೊಡಲಿಲ್ಲ. ಬೋರ್‌ವೆಲ್ಲಿನ ಹತ್ತಿರ ಹುಡುಗರು ಕೋಲು ಹಿಡಿದು ಕೂತರು. ಯಾರೂ ಸಲಾಮು ಹೇಳಲಿಲ್ಲ. ನಿಯೂಮಾ ಬತ್ತಿದ ಹಳ್ಳದಲ್ಲಿ ಮರಳು ತೋಡಿ ನೀರು ಬಸಿದು ತರುತ್ತಿದ್ದಳು. ಮೊದಲ ಮಳೆ ಬಿದ್ದು ಅವರು ಬಿತ್ತಿದ ಸಜ್ಜೆ ಮೊಳಕೆ ಒಡೆದಾಗ, ಹೊಲ ತಮ್ಮದೆಂದು ಮೇಲಿನ ಕೇರಿಯವರು ಅದರ ಮೇಲೆ ದನ ಬಿಟ್ಟರು. ಕೆಳಗಿನ ಕೇರಿಯಲ್ಲಿ ಕೆಲವರು ತಿಜಾನಿಯ ಕಡೆ ಹೋದರು, ಕೆಲವರು ಜಾಗಿಲಿಯ ಕಡೆ ನಿಂತರು. ನಿಂತವರಿಗೂ ಅದೇ ಗತಿ. ನಾನು ಹಿಟ್ಟು, ಉಪ್ಪು ಹೊಸ ಮಡಕೆಯೊಳಗಿಟ್ಟು, ಮಡಕೆ ಮಾರುವ ನೆಪದಲ್ಲಿ ಕೊಟ್ಟು ಬರುತ್ತಿದ್ದೆ.

ಸನೊಗೊ ಮೇಷ್ಟ್ರು ತಾಲೂಕು ಕಚೇರಿಗೆ ಹೋಗಿ ದೂರು ಕೊಟ್ಟರು. ಇಬ್ಬರು ಪೊಲೀಸರು ಬಂದರು. ಯಜಮಾನನ ಮನೆಯಲ್ಲಿ ಮೂರು ಸುತ್ತು ಟೀ ಕುಡಿದು, ಇದು ನಿಮ್ಮ ನಿಮ್ಮೊಳಗಿನ ವಿಷಯ, ಕೂತು ಮಾತಾಡಿಕೊಳ್ಳಿ ಎಂದು ಹೇಳಿ ಹೋದರು. ಪೊಲೀಸರನ್ನು ಕರೆಸಿದ್ದಕ್ಕೆ ಮಾರನೆಯ ದಿನ ಜಾಗಿಲಿಯನ್ನು ಹೊಲದ ದಾರಿಯಲ್ಲಿ ಹಿಡಿದು ಬಡಿದರು. ಬಲಗೈ ಮುರಿಯಿತು. ಬಡಿದವರಲ್ಲಿ ಆ ಹಿಂದಿನ ಬೆಂಚಿನ ಹುಡುಗನೂ ಇದ್ದ.

ಬಕಾರಿ ಬಿದಿರ ದಬ್ಬೆ ಕಟ್ಟಿ ಕೈ ನೆಟ್ಟಗೆ ನಿಲ್ಲಿಸಿದ. ಸಾಜೊ ಅಪ್ಪನ ತಲೆಯ ಹತ್ತಿರ ಕೂತಿದ್ದಳು. "ನಾನು ಹೋಗಿ ಕಾಲು ತೊಳ್ದುಬಿಟ್ಟಿದ್ರೆ..." ಎಂದಳು.

"ತೊಳ್ದಿದ್ರೆ ನಾಳೆ ನಿನ್ನ ಮಗಳೂ ತೊಳೀಬೇಕಾಗಿತ್ತು," ಎಂದಳು ನಿಯೂಮಾ. ಆ ಹೆಂಗಸು ಅದುವರೆಗೆ ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ. ಅವರ ಪರವೋ ಇವರ ಪರವೋ ನನಗೇ ತಿಳಿದಿರಲಿಲ್ಲ. "ಸಾಕು, ಗಂಟು ಕಟ್ಟೇ ಸಾಜೊ. ಹೊರಡಾಣ."

ಲಾರಿ ಬಂದದ್ದು ಪೇಟೆಯಿಂದ. ಜಾಗಿಲಿಯ ಕಡೆ ನಿಂತ ಮನೆಗಳೆಲ್ಲ ಹೊರಟವು. ಒನಕೆ, ಪಾತ್ರೆ, ಆಡು, ಮುದುಕಿಯರು ಎಲ್ಲ ಒಂದೇ ಲಾರಿಯಲ್ಲಿ. ತಿಜಾನಿ ದೂರದಲ್ಲಿ ಗೋಡೆಯ ಮರೆಯಲ್ಲಿ ನಿಂತು ನೋಡುತ್ತಿದ್ದ. ಮೇಲಿನ ಕೇರಿಯಲ್ಲಿ ಅವತ್ತು ಮದುವೆಯ ಡೋಲು ಕೇಳುತ್ತಿತ್ತು. ಅಡಿಗೆಗೆ ತಿಜಾನಿಯ ಹೆಂಡತಿ ಹೋಗಿದ್ದಳು.

ಕಾಯಿ ಎಂಬ ಪಟ್ಟಣ ಸೇರಿದರು, ಅಲ್ಲಿ ಮೊದಲ ವರ್ಷ ಬಹಳ ಕಷ್ಟ. ಒಂದು ಕೋಣೆಯಲ್ಲಿ ಎರಡು ಸಂಸಾರ. ಸಾಜೊ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಹುರಿದ ಕಡಲೆಕಾಯಿ ಮಾರಿ ಆಮೇಲೆ ಪ್ರೌಢಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಯಾರೂ ಯಾವ ದುಕುರೆ ಎಂದು ಕೇಳಲಿಲ್ಲ. ಅದರಿಂದಲೇ ಅವಳಿಗೆ ಮೊದಮೊದಲು ಭಯವಾಗುತ್ತಿತ್ತಂತೆ. "ಕೇಳದೆ ಇದ್ದಾಗ, ಗೊತ್ತಾದ್ಮೇಲೆ ಏನಂತಾರೋ ಅಂತ ಕಾಯ್ತಾ ಕೂರ್ತೀನಿ ಅತ್ತೆ," ಎಂದು ಫೋನಿನಲ್ಲಿ ಹೇಳಿದ್ದಳು. ಕೊನೆಯ ಪರೀಕ್ಷೆಯಲ್ಲಿ ಒಂದು ಸಲ ಫೇಲಾದಳು. ಆ ಸಲ ಓದು ಬಿಡುತ್ತೇನೆಂದು ಹಟ ಹಿಡಿದಾಗ ಬೇರೆ ಊರಿಗೆ ವರ್ಗವಾಗಿದ್ದ ಸನೊಗೊ ಮೇಷ್ಟ್ರು ಇಡೀ ದಿನ ಬಸ್ಸಿನಲ್ಲಿ ಕೂತು ಬಂದು ಬೈದು ಹೋದರು. ಎರಡನೆಯ ಸಲ ಪಾಸಾಗಿ ಶಿಕ್ಷಕರ ತರಬೇತಿಗೆ ಸೇರಿದಳು. ಈಗಲೂ ಅವರಿಬ್ಬರಿಗೆ ಫೋನಿನಲ್ಲಿ ಜಗಳ. ಮಕ್ಕಳಿಗೆ ಮೊದಲು ದೇಶದ ಮೇಲೆ ಪ್ರೀತಿ ಹುಟ್ಟಬೇಕು, ಆಮೇಲೆ ಅದರ ಹುಳುಕು ಹೇಳಬೇಕು ಎನ್ನುತ್ತಾರೆ ಮೇಷ್ಟ್ರು. ಹುಳುಕಿನೊಳಗೇ ಹುಟ್ಟಿದ ಮಕ್ಕಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುತ್ತಾಳೆ ಇವಳು. ಇಬ್ಬರೂ ಸೋಲುವುದಿಲ್ಲ.

ಅಸ್ಸಾ ಪ್ಯಾರಿಸ್ಸಿಗೆ ಹೋಗಲಿಲ್ಲ. ಗಂಡ ಎರಡು ವರ್ಷಕ್ಕೊಮ್ಮೆ ಬಂದು ಹೋಗುತ್ತಾನೆ, ಕಾಗದಪತ್ರ ಇನ್ನೂ ಆಗಿಲ್ಲವಂತೆ. ಅತ್ತೆಮನೆಯ ಅಂಗಳ ದಾಟದ ಬಾಳು. ಮಡಕೆ ಕೊಳ್ಳುವ ನೆಪದಲ್ಲಿ ಒಮ್ಮೆ ನನ್ನನ್ನು ಕರೆಸಿಕೊಂಡಳು. ಮಡಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಮೆಲ್ಲಗೆ, "ಸಾಜೊ ಓದ್ತಿದ್ದಾಳಾ?" ಎಂದು ಕೇಳಿದಳು. ಓದ್ತಿದ್ದಾಳೆ ಎಂದೆ. "ಲೆಕ್ಕದಲ್ಲಿ ಅವಳು ಯಾವಾಗ್ಲೂ ಜೋರು," ಎಂದಳು. ಒಳಗಿನಿಂದ ಅತ್ತೆ ಕೂಗಿದಳು, ಎದ್ದು ಹೋದಳು.

ಜಾಗಿಲಿಯನ್ನು ಬಡಿದದ್ದಕ್ಕೆ ಪಟ್ಟಣಕ್ಕೆ ಬಂದ ಮೇಲೆ ಹಾಕಿದ ಕೋರ್ಟಿನ ಕೇಸು ನಡೆಯುತ್ತಲೇ ಇದೆ. ವಾಯಿದೆಯ ಮೇಲೆ ವಾಯಿದೆ. ಅಷ್ಟರಲ್ಲಿ ಊರು ಬಿಟ್ಟವರೆಲ್ಲ ಸೇರಿ, ಪಟ್ಟಣದಾಚೆ ರೈಲುಹಳಿಯ ಪಕ್ಕ ಸಿಕ್ಕ ಬಂಜರು ಜಾಗದಲ್ಲಿ ಹೊಸ ಹಟ್ಟಿ ಕಟ್ಟಿಕೊಂಡರು. ಅವಳಿಗಳಲ್ಲೊಬ್ಬನಾದ ಸಾಜೊಳ ಅಣ್ಣನಿಗೆ ಮಗು ಹುಟ್ಟಿ ನಾಮಕರಣಕ್ಕೆ ನನ್ನನ್ನೂ ಬಕಾರಿಯನ್ನೂ ಕರೆದಿದ್ದರು. ಹಟ್ಟಿಯಲ್ಲಿ ಮಣ್ಣಿಟ್ಟಿಗೆಯ ಪುಟ್ಟ ಮಸೀದಿ ಆಗಷ್ಟೇ ಮುಗಿದಿತ್ತು. ಅವತ್ತು ಶುಕ್ರವಾರ, ಅದರಲ್ಲಿ ಮೊದಲ ಪ್ರಾರ್ಥನೆ.

ಗಂಡಸರೆಲ್ಲ ಒಳಗೆ ಹೋದರು. ಹೋಗಿ ಎಲ್ಲರೂ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತರು. ಮುಂದಿನ ಚಾಪೆ ಖಾಲಿ. ಪ್ರಾರ್ಥನೆ ಹೇಳಿಸುವವನಾಗಿ ಮುಂದೆ ನಿಂತ ಅಭ್ಯಾಸ ಅವರ ವಂಶದಲ್ಲೇ ಯಾರಿಗೂ ಇಲ್ಲ. ಊರ ಮಸೀದಿಯಲ್ಲಿ ಕೊಮೆಗಳು ಹಿಂದೆಯೇ ನಿಲ್ಲಬೇಕಿತ್ತು.

"ನೀನು ಹೋಗೋ."

"ನಾನಾ? ನೀನು ಹೋಗು, ನಿನ್ನ ಗಡ್ಡ ಉದ್ದ ಇದೆ."

"ಗಡ್ಡಕ್ಕೆ ಓದೋಕೆ ಬರುತ್ತೇನೋ?"

ಕಿಟಕಿಯ ಹೊರಗೆ ಹೆಂಗಸರ ಜೊತೆ ನಿಂತಿದ್ದ ಸಾಜೊ ಕುತ್ತಿಗೆ ಚಾಚಿ ನೋಡುತ್ತಿದ್ದಳು. ಕೊನೆಗೆ ಜಾಗಿಲಿ ಸಾಲಿನಿಂದ ಹೊರಬಂದ. ಮುರಿದು ಕೂಡಿದ ಕೈ ಪೂರ್ತಿ ಮೇಲೇಳುವುದಿಲ್ಲ. ಎಡಗೈ ಕಿವಿಯವರೆಗೆ ಹೋಯಿತು, ಬಲಗೈ ಎದೆಯ ಹತ್ತಿರವೇ ನಿಂತಿತು. ನಡುವೆ ಒಂದು ಸಾಲು ಮರೆತೇಹೋಯಿತು. ಹಿಂದಿನಿಂದ ಯಾರೋ ಎತ್ತಿಕೊಟ್ಟರು, ಅಲ್ಲಿಂದ ಸರಾಗವಾಗಿ ಮುಗಿಸಿದ. ಅವನು ಬಗ್ಗಿದಾಗ ಅವನ ಹಿಂದೆ ಎಲ್ಲರೂ ಬಗ್ಗಿದರು.

ಹೊರಗೆ ಬಂದವನು ಮಗಳನ್ನು ನೋಡಿ, "ತಪ್ಪಾಯ್ತೇನೇ ಎಲ್ಲಾದ್ರೂ?" ಎಂದು ಕೇಳಿದ. ಸಾಜೊ ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ಅಣ್ಣನ ಮನೆಗೆ ಹೋಗಿ, ನೆಂಟರಿಗೆ ಬಡಿಸಲು ಅತ್ತಿಗೆಯ ಜೊತೆ ನಿಂತಳು. ಸೋಮವಾರ ಅವಳಿಗೆ ತರಬೇತಿಯ ಪರೀಕ್ಷೆ ಇತ್ತು. ಊಟ ಮುಗಿದ ಮೇಲೆ ನಾವೂ ಅವಳೂ ಒಂದೇ ಗಾಡಿಯಲ್ಲಿ ಪಟ್ಟಣದವರೆಗೆ ಬಂದೆವು. ದಾರಿಯುದ್ದಕ್ಕೂ ಅವಳು ಓದುತ್ತಲೇ ಇದ್ದಳು.